ಸಾಂಬ್ರಾದಿಂದ ಬೆಂಗಳೂರಿಗೆ 2,300 ಕಿ.ಮೀ. ಎನ್ನುತ್ತಿದೆ ಎಕ್ಸೆಲ್: ತಪ್ಪು ಎಲ್ಲಿದೆ?

ಬೆಳಗಾವಿ ಶಿಕ್ಷಕಿ:
ನಮ್ಮೂರಿನ ಸಾಂಬ್ರಾ ವಿಮಾನ ನಿಲ್ದಾಣದಿಂದ ಏಳುವ ವಿಮಾನಗಳು ನಮ್ಮ ಶಾಲೆಯ ಅಂಗಳಕ್ಕೆ ಚೆನ್ನಾಗಿ ಕಾಣುತ್ತವೆ. "ಅಕ್ಕೋರೇ, ಇದು ಬೆಂಗಳೂರು ಮುಟ್ಟಲು ಎಷ್ಟು ದೂರ ಹಾರಬೇಕು?" ಎಂದು ಮಕ್ಕಳು ಕೇಳುತ್ತಲೇ ಇರುತ್ತಾರೆ. ಗೋಡೆಗೆ ಒಂದು ಪಟ್ಟಿ ಹಾಕೋಣವೆಂದು ಎಕ್ಸೆಲ್‌ನಲ್ಲಿ ಅಕ್ಷಾಂಶ, ರೇಖಾಂಶಗಳಿಂದ ಎರಡು ಊರುಗಳ ನೇರ ದೂರ ಕೊಡುವ ಹಾವರ್‌ಸೈನ್ ಸೂತ್ರ ಬರೆದೆ. ಸಾಂಬ್ರಾಕ್ಕೆ 15.51, 74.37, ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ 13.12, 77.42, ಭೂಮಿಯ ತ್ರಿಜ್ಯ 6,371 ಕಿ.ಮೀ. ಉತ್ತರ 2,300 ದಾಟುತ್ತಿದೆ. ಎರಡು ದಿನದಿಂದ ಆವರಣ ಚಿಹ್ನೆಗಳನ್ನು ಎಣಿಸಿ ಎಣಿಸಿ ಸೋತಿದ್ದೇನೆ. ದಯವಿಟ್ಟು ನೋಡಿ.

ವಿಜಯಪುರದಿಂದ:
ಮೇಡಂ, ಬೆಂಗಳೂರಿನಿಂದ ದಿಲ್ಲಿಯೇ ಸುಮಾರು 1,700 ಕಿ.ಮೀ. ಎಕ್ಸೆಲ್‌ನ ಸೈನ್, ಕಾಸ್‌ಗಳು ಕೋನವನ್ನು ರೇಡಿಯನ್ (180 ಡಿಗ್ರಿಗೆ ಸುಮಾರು 3.14159 ಆಗುವ ಇನ್ನೊಂದು ಅಳತೆ) ಎಂದೇ ಓದುತ್ತವೆ, ನೀವು ಕೊಟ್ಟಿರುವುದು ಡಿಗ್ರಿ. ಪ್ರತಿ ಕೋನವನ್ನೂ 3.14159ರಿಂದ ಗುಣಿಸಿ 180ರಿಂದ ಭಾಗಿಸಿ.

ಬೆಳಗಾವಿ ಶಿಕ್ಷಕಿ:
ಸರ್, 423 ಬಂತು! ರಸ್ತೆಯಲ್ಲಿ 500ರ ಆಸುಪಾಸು ಇರುವುದರಿಂದ ಇದು ಸರಿಯೆನಿಸುತ್ತದೆ. ನಾಳೆಯೇ ಅಂಟಿಸುತ್ತೇನೆ.

ಬಾಗಲಕೋಟೆಯಿಂದ:
ಸ್ವಲ್ಪ ತಡೆಯಿರಿ ಅಕ್ಕಾ. ನಿಮ್ಮ 15.51 ಎಲ್ಲಿಂದ ಬಂತು? ನಕ್ಷೆಯಲ್ಲಿ ಸಾಂಬ್ರಾ ಇರುವುದು 15 ಡಿಗ್ರಿ 51 ನಿಮಿಷದಲ್ಲಿ. ಡಿಗ್ರಿಗೆ ನಿಮಿಷಗಳು 60, ನೂರಲ್ಲ. 51ನ್ನು 60ರಿಂದ ಭಾಗಿಸಿದರೆ 0.85, ಆದ್ದರಿಂದ 15.85 ಎಂದು ಬರೆಯಬೇಕು. ಹಾಗೆಯೇ 74.617, 13.20, 77.70. ಈಗ ಲೆಕ್ಕ ಹಾಕಿದರೆ 444 ಬರುತ್ತದೆ. 2,300 ಕಂಡರೆ ಯಾರಿಗಾದರೂ ಅನುಮಾನ ಬರುತ್ತದೆ, 423 ಕಂಡರೆ ಬರುವುದಿಲ್ಲ. ಮಕ್ಕಳು ವರ್ಷಗಟ್ಟಲೆ ಓದುವ ಗೋಡೆ ಅದು, ಅದಕ್ಕೇ ಇಷ್ಟು ಹೇಳಿದೆ.

ಬೆಳಗಾವಿ ಶಿಕ್ಷಕಿ:
ನಿಮ್ಮ ಉಪಕಾರ ದೊಡ್ಡದು, 444 ಬಂದಿದೆ. ಇನ್ನೊಂದು ಸಂಶಯ. ಗಂಟೆಗೆ 800 ಕಿ.ಮೀ. ಹಿಡಿದರೆ 33 ನಿಮಿಷ ಸಾಕು, ಟಿಕೆಟ್‌ನಲ್ಲಿ ಮಾತ್ರ ಒಂದು ಗಂಟೆಗೂ ಹೆಚ್ಚು ತೋರಿಸುತ್ತಾರೆ. ಇಲ್ಲಿಯೂ ನಾನೇ ತಪ್ಪಿದೆನೇ?

ವಿಜಯಪುರದಿಂದ:
ನಿಮ್ಮ ಭಾಗಾಕಾರ ತಪ್ಪಿಲ್ಲ. ಟಿಕೆಟ್‌ನ ಗಡಿಯಾರ ವಿಮಾನ ನಿಂತ ಜಾಗ ಬಿಟ್ಟಾಗ ಶುರುವಾಗಿ, ಆ ಊರಿನಲ್ಲಿ ತನ್ನ ಜಾಗಕ್ಕೆ ಬಂದು ನಿಂತಾಗ ಮುಗಿಯುತ್ತದೆ. ರನ್‌ವೇವರೆಗೆ ನಿಧಾನವಾಗಿ ಸಾಗುವುದು, ಗಾಳಿಗೆ ಎದುರಾಗಿ ಎದ್ದು ಆಮೇಲೆ ದಾರಿಗೆ ತಿರುಗುವುದು, ಬೆಂಗಳೂರಿನಲ್ಲಿ ಇಳಿಯುವ ಸಾಲಿಗೆ ಸೇರುವುದು ಎಲ್ಲವೂ ಅದರಲ್ಲಿ ಸೇರಿವೆ. ಜೆಟ್ ಆದರೂ ಇಷ್ಟು ಹತ್ತಿರದ ದಾರಿಯಲ್ಲಿ ಏರುವುದಕ್ಕೆ, ಇಳಿಯುವುದಕ್ಕೇ ಬಹಳ ಹೊತ್ತು ಹೋಗುತ್ತದೆ, ಪೂರ್ಣ ವೇಗದಲ್ಲಿ ಹಾರುವುದು ನಡುವಿನ ತುಂಡಿನಲ್ಲಿ ಮಾತ್ರ. ರೆಕ್ಕೆಯಲ್ಲಿ ಪಂಖ ತಿರುಗುವ ಎಟಿಆರ್ 72 ಆದರೆ ವೇಗವೇ ಗಂಟೆಗೆ ಸುಮಾರು 500 ಕಿ.ಮೀ., ಬರೀ ಹಾರಾಟಕ್ಕೇ 53 ನಿಮಿಷ ಬೇಕು. ದೂರವನ್ನು ಸೂತ್ರದಿಂದ ಬರೆಯಿರಿ, ಸಮಯವನ್ನು ವೇಳಾಪಟ್ಟಿಯಿಂದಲೇ ತೆಗೆದುಕೊಳ್ಳಿ.

ಬೆಳಗಾವಿ ಶಿಕ್ಷಕಿ:
ಹಾಗೆಯೇ ಮಾಡಿದೆ. ಇಂದು ಏಳನೆಯ ತರಗತಿಯ ಮಕ್ಕಳೇ 37ನ್ನು 60ರಿಂದ ಭಾಗಿಸಿ ಕರಿಹಲಗೆಯ ಮೇಲೆ 74.617 ಎಂದು ಬರೆದರು. "ನೇರ ದೂರ 444 ಕಿ.ಮೀ." ಎಂಬ ಸಾಲು ಗೋಡೆ ಸೇರಿದೆ. ಮುಂದಿನದು ಮುಂಬೈ, ಲೆಕ್ಕ ಅವರೇ ಹಾಕುತ್ತಾರಂತೆ.