ಸರ್ವಿಸ್‌ನಲ್ಲಿ ಎಂಜಿನ್ ಆಯಿಲ್‌ಗೆ ಅಡಿಟಿವ್ ಹಾಕಿಸ್ಬೇಕಾ? ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಹಾಸನದಿಂದ): ನಮಸ್ಕಾರ ಸರ್. ನಮ್ಮದು 2021ರ ಸ್ವಿಫ್ಟ್ ಪೆಟ್ರೋಲ್, ನಲವತ್ತು ಸಾವಿರ ಕಿ.ಮೀ. ದಾಟಿದೆ. ಸರ್ವಿಸ್‌ಗೆ ಬಿಟ್ಟಾಗ ಅಡ್ವೈಸರ್ "ಎಂಜಿನ್ ಫ್ಲಶ್ ಮಾಡಿಸಿ, ಆಮೇಲೆ ಆಯಿಲ್ ಜೊತೆ ಟ್ರೀಟ್‌ಮೆಂಟ್ ಹಾಕಿಸಿ, ಸವೆತ ಕಮ್ಮಿ ಆಗುತ್ತೆ, ಮೈಲೇಜೂ ಬರುತ್ತೆ" ಅಂದ್ರು. ಎರಡೂ ಸೇರಿ ಸಾವಿರದ ಮೇಲೆ. ಗಾಡಿಗೆ ಏನೂ ತೊಂದರೆ ಇಲ್ಲ. ಹಾಕಿಸ್ಲಾ, ಬೇಡ್ವಾ?

ಉತ್ತರ: ಬೇಡ ಸರ್, ಎರಡೂ ಬೇಡ. ಫ್ಲಶ್ ಅಂದ್ರೆ ಕೆಮಿಕಲ್ ಹಾಕಿ ಎಂಜಿನ್ ಒಳಗೆ ತೊಳೆಯೋದು, ಟ್ರೀಟ್‌ಮೆಂಟ್ ಅಂದ್ರೆ ಆಯಿಲ್‌ಗೆ ಮೇಲಿಂದ ಸುರಿಯೋ ಅಡಿಟಿವ್ ಬಾಟಲಿ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ.

ನೀವು ದುಡ್ಡು ಕೊಟ್ಟು ತರೋ ಎಂಜಿನ್ ಆಯಿಲ್‌ನಲ್ಲೇ ಅಡಿಟಿವ್ ಇರುತ್ತೆ. ಡಬ್ಬದಲ್ಲಿರೋದರ ಬಹುಪಾಲು ಬೇಸ್ ಆಯಿಲ್, ಉಳಿದದ್ದು ಅಡಿಟಿವ್‌ಗಳು. ಮಸಿ, ಜಿಡ್ಡು ಅಂಟದ ಹಾಗೆ ನೋಡಿಕೊಳ್ಳೋ ಡಿಟರ್ಜೆಂಟ್, ಆ ಮಸಿಯನ್ನ ಒಂದೇ ಕಡೆ ಗಡ್ಡೆ ಕಟ್ಟೋಕೆ ಬಿಡದೆ ತೇಲಿಸಿ ಇಡೋ ಡಿಸ್ಪರ್ಸೆಂಟ್, ಲೋಹಕ್ಕೆ ಲೋಹ ಉಜ್ಜದ ಹಾಗೆ ತೆಳು ಪದರ ಕಟ್ಟೋ ಜಿಂಕ್-ಫಾಸ್ಫರಸ್ ಸಂಯುಕ್ತ, ನೊರೆ ತಡೆಯೋದು, ಆಯಿಲ್ ಬೇಗ ಹಳಸದಂತೆ ಕಾಯೋದು. ಆಯಿಲ್ ಕಪ್ಪಾಯ್ತು ಅಂತ ಗಾಬರಿಯಾಗಿ ಫೋನ್ ಮಾಡೋರು ಬಹಳ ಜನ. ಡೀಸೆಲ್ ಗಾಡಿಯಲ್ಲಂತೂ ಹೊಸ ಆಯಿಲ್ ನೋಡನೋಡ್ತಾ ಕಪ್ಪಾಗುತ್ತೆ. ಡಿಟರ್ಜೆಂಟ್, ಡಿಸ್ಪರ್ಸೆಂಟ್ ತಮ್ಮ ಕೆಲಸ ಮಾಡ್ತಿವೆ ಅಂತ ಅದರ ಅರ್ಥ.

ಇವೆಲ್ಲ ಒಂದಕ್ಕೊಂದು ಹೊಂದೋ ಹಾಗೆ ಅಳತೆ ಮಾಡಿ ಹಾಕಿರೋದು. ಆಯಿಲ್‌ನ ಗುಣಮಟ್ಟಕ್ಕೆ ಅಮೆರಿಕದ ಎಪಿಐ ಸಂಸ್ಥೆ ಕೊಡೋ ಎಸ್‌ಪಿ ದರ್ಜೆ 2020ರಲ್ಲಿ ಬಂತು. ಅದರ ತೆಳು ಗ್ರೇಡ್‌ಗಳಲ್ಲಿ ಫಾಸ್ಫರಸ್ ಶೇ. 0.06ಕ್ಕಿಂತ ಕಮ್ಮಿ ಇರಬಾರದು, 0.08 ದಾಟಬಾರದು ಅನ್ನೋ ಮಿತಿ ಇದೆ. ಕಮ್ಮಿಯಾದ್ರೆ ಎಂಜಿನ್ ಸವೆಯುತ್ತೆ, ಜಾಸ್ತಿಯಾದ್ರೆ ಸೈಲೆನ್ಸರ್ ಲೈನಿನಲ್ಲಿ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ನಿಧಾನವಾಗಿ ಸಾಯುತ್ತೆ. ಇಷ್ಟು ಇಕ್ಕಟ್ಟಾದ ಲೆಕ್ಕದೊಳಗೆ, ಒಳಗೇನಿದೆ ಅಂತ ಲೇಬಲ್ಲಿನ ಮೇಲೂ ಬರೆಯದ ಒಂದು ಬಾಟಲಿ ಸುರಿದ್ರೆ ಆ ಹದ ಉಳಿಯಲ್ಲ. ಕೆಲವು ಬಾಟಲಿಗಳಲ್ಲಿ ಇರೋದು ಮುಖ್ಯವಾಗಿ ಆಯಿಲ್ ಗಟ್ಟಿ ಮಾಡೋ ಪದಾರ್ಥ. ನಿಮ್ಮ ಗಾಡಿಗೆ ಕಂಪನಿ ಹೇಳೋದು 0ಡಬ್ಲ್ಯೂ-16, ನೀರಿನಂಥ ಆಯಿಲ್. ವಾಲ್ವ್ ಟೈಮಿಂಗ್ ಬದಲಿಸೋ ವಿವಿಟಿ ನಡೆಯೋದೇ ಆಯಿಲ್ ಪ್ರೆಶರ್ ಮೇಲೆ, ಅದರ ದಾರಿಗಳು ಬಹಳ ಸಣ್ಣವು. ಅಲ್ಲಿ ಗಟ್ಟಿ ಮಾಡಿ ಏನು ಸಾಧಿಸ್ತೀರಿ?

ಸವೆತ ಕಮ್ಮಿ ಆಗುತ್ತೆ ಅನ್ನೋ ಮಾತು ಹಳೆಯದು. ಅಮೆರಿಕದಲ್ಲಿ ಟೆಫ್ಲಾನ್ ಪುಡಿ ಇದ್ದ ಸ್ಲಿಕ್ 50 ಅನ್ನೋ ಅಡಿಟಿವ್ ಇದೇ ಮಾತು ಹೇಳಿ ಲಕ್ಷಗಟ್ಟಲೆ ಮಾರಾಟವಾಯ್ತು. 1996ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್, ಈ ಜಾಹೀರಾತಿಗೆ ಆಧಾರ ಇಲ್ಲ, ಮ್ಯಾನ್ಯುಯಲ್ ಹೇಳಿದ ಆಯಿಲ್ ಹಾಕಿದ್ರೆ ಸ್ಟಾರ್ಟ್ ಮಾಡುವಾಗಲೂ ಹೆಚ್ಚಿನ ಎಂಜಿನ್‌ಗಳಿಗೆ ಸಾಕಷ್ಟು ರಕ್ಷಣೆ ಇರುತ್ತೆ ಅಂತ ಕೇಸು ಹಾಕಿತು. ಮರುವರ್ಷ ಪುರಾವೆ ಇಲ್ಲದೆ ಅಂಥ ಮಾತು ಆಡಲ್ಲ ಅಂತ ಕಂಪನಿ ಒಪ್ಪಂದಕ್ಕೆ ಬಂತು. ಆಮೇಲೆ ಡ್ಯೂರಾ ಲ್ಯೂಬ್, ಮೋಟರ್ ಅಪ್ ಅನ್ನೋ ಬೇರೆ ಅಡಿಟಿವ್‌ಗಳ ಮೇಲೂ ಅದೇ ಥರ ಕೇಸಾಯ್ತು.

ಇನ್ನು ಫ್ಲಶ್. ಸರಿಯಾಗಿ ಸರ್ವಿಸ್ ಆಗಿರೋ ಗಾಡಿಯ ವಾಲ್ವ್ ಕವರ್ ಬಿಚ್ಚಿದ್ರೆ ಒಳಗೆ ತೆಳು ಕಂದು ಬಣ್ಣ ಕಾಣುತ್ತೆ, ಅಷ್ಟೇ. ತೊಳೆಯೋಕೆ ಅಲ್ಲಿ ಏನೂ ಇಲ್ಲ. ವರ್ಷಗಟ್ಟಲೆ ಆಯಿಲ್ ಬದಲಿಸದ ಗಾಡಿ ಬಿಚ್ಚಿದ್ರೆ ಡಾಂಬರಿನಂಥ ಕೆಸರು, ಬೆರಳಲ್ಲಿ ಬಳಿದು ತೆಗೀಬಹುದು. ಫ್ಲಶ್ ಬೇಕು ಅನ್ನಿಸೋದು ಇಂಥ ಗಾಡಿಗೇ, ಅಪಾಯ ಇರೋದೂ ಇದಕ್ಕೇ. ಕಿತ್ತು ಬಂದ ಗಡ್ಡೆ ಎಂಜಿನ್ ತಳದ ಆಯಿಲ್ ತೊಟ್ಟಿಯಲ್ಲಿರೋ (ಸಂಪ್) ಜಾಲರಿಗೆ ಹೋಗಿ ಕಟ್ಟಿಕೊಂಡ್ರೆ ಆಯಿಲ್ ಪ್ರೆಶರ್ ಬೀಳುತ್ತೆ, ಬೇರಿಂಗ್ ಹೋಗುತ್ತೆ. ಅಂಥ ಗಾಡಿಗೆ ನಾನು ಮಾಡೋದು, ಒಳ್ಳೆ ಆಯಿಲ್ ಹಾಕಿ ಮೂರು ಸಾವಿರ ಕಿ.ಮೀ.ಗೆ ಫಿಲ್ಟರ್ ಸಮೇತ ಬದಲಿಸೋದು. ಎರಡು ಮೂರು ಸಲ ಹೀಗೆ ಮಾಡಿದ್ರೆ ತಾನಾಗೇ ಶುದ್ಧ ಆಗ್ತಾ ಬರುತ್ತೆ.

ಆ ಸಾವಿರ ರೂಪಾಯಿ ಉಳಿಸಿ, ಮುಂದಿನ ಆಯಿಲ್ ಸ್ವಲ್ಪ ಬೇಗ ಬದಲಿಸಿ. ನಿತ್ಯ ನಾಲ್ಕೈದು ಕಿ.ಮೀ. ಮಾತ್ರ ಓಡೋ ಗಾಡಿಯಾದ್ರೆ ಎಂಜಿನ್ ಪೂರ್ತಿ ಬಿಸಿಯೇ ಆಗಲ್ಲ, ಪೆಟ್ರೋಲ್ ಮತ್ತು ನೀರಿನ ಪಸೆ ಆಯಿಲ್‌ನಲ್ಲೇ ಉಳಿಯುತ್ತೆ. ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ, ಪೆಟ್ರೋಲ್ ವಾಸನೆ ಗಪ್ಪಂತ ಬಂದ್ರೆ ಹತ್ತು ಸಾವಿರ ಕಿ.ಮೀ. ಆಗೋವರೆಗೆ ಕಾಯಬೇಡಿ.

ಪ್ರಶ್ನೆ (ಬೆಂಗಳೂರಿನಿಂದ): ನಮ್ಮದು ಡೈರೆಕ್ಟ್ ಇಂಜೆಕ್ಷನ್ ಟರ್ಬೊ ಪೆಟ್ರೋಲ್. ಟರ್ಬೊ ಬಿಸಿ ಜಾಸ್ತಿ, ಎಕ್ಸ್‌ಟ್ರಾ ರಕ್ಷಣೆ ಬೇಕು ಅಂತಾರಲ್ಲ?

ಉತ್ತರ: ನಿಮಗಂತೂ ಬೇಡವೇ ಬೇಡ ಮೇಡಂ. ಈ ಎಂಜಿನ್‌ಗಳಲ್ಲಿ ಕಮ್ಮಿ ಆರ್‌ಪಿಎಂನಲ್ಲಿ ಜೋರಾಗಿ ಆಕ್ಸಲರೇಟರ್ ಒತ್ತಿದಾಗ ಸ್ಪಾರ್ಕ್ ಬರೋಕೆ ಮುಂಚೆಯೇ ಇಂಧನ ಹತ್ತಿಕೊಳ್ಳೋ ತೊಂದರೆ ಇದೆ, ಎಲ್‌ಎಸ್‌ಪಿಐ ಅಂತಾರೆ. ಪಿಸ್ಟನ್ ಒಡೆಯುವಷ್ಟು ಜೋರಾಗಿ ಆಗಬಹುದು. ಆಯಿಲ್‌ನಲ್ಲಿ ಕ್ಯಾಲ್ಸಿಯಂ ಡಿಟರ್ಜೆಂಟ್ ಜಾಸ್ತಿ ಇದ್ರೆ ಇದು ಹೆಚ್ಚುತ್ತೆ ಅಂತ ಗೊತ್ತಾದ ಮೇಲೆ, ಕ್ಯಾಲ್ಸಿಯಂ ಇಳಿಸಿ ಮೆಗ್ನೀಸಿಯಂ ಸೇರಿಸೋಕೆ ಶುರುಮಾಡಿದ್ರು. ಎಸ್‌ಪಿ ದರ್ಜೆಗೆ ಇದರದ್ದೇ ಒಂದು ಪರೀಕ್ಷೆ ಇದೆ. ಬಾಟಲಿ ಸುರಿದ ಮೇಲೆ ಆ ಪರೀಕ್ಷೆಗೆ ಬೆಲೆ ಇಲ್ಲ.

ಪ್ರಶ್ನೆ (ಮಂಗಳೂರಿನಿಂದ): ಅಣ್ಣ, ನನ್ನ ಹಳೇ ಕಾರು ಆಯಿಲ್ ಕುಡೀತಿದೆ. ಸೋರಿಕೆ ನಿಲ್ಲಿಸೋ ಸ್ಟಾಪ್-ಲೀಕ್ ಅಡಿಟಿವ್ ಹಾಕ್ಲಾ?

ಉತ್ತರ: ಮೊದಲು ಎಲ್ಲಿ ಕುಡೀತಿದೆ ನೋಡಿ. ಬೆಳಗ್ಗೆ ಮೊದಲ ಸ್ಟಾರ್ಟ್‌ಗೆ ಒಂದು ಸಲ ನೀಲಿ ಹೊಗೆ ಬಿಟ್ಟು ನಿಂತ್ರೆ ಸಾಮಾನ್ಯವಾಗಿ ವಾಲ್ವ್ ಸೀಲ್. ಗಾಡಿ ಎಳೆಯುವಾಗೆಲ್ಲ ಹೊಗೆ ಬಂದ್ರೆ ಪಿಸ್ಟನ್ ರಿಂಗ್ ಅಥವಾ ಟರ್ಬೊ. ಅದಕ್ಕೂ ಮುಂಚೆ ಎಂಜಿನ್ ಒಳಗಿನ ಆವಿ ಹೊರಬಿಡೋ ಪಿಸಿವಿ ವಾಲ್ವ್ ಬಿಚ್ಚಿ ಅಲ್ಲಾಡಿಸಿ, ಎಷ್ಟೋ ಗಾಡಿಯಲ್ಲಿ ಅಲ್ಲಾಡಿಸಿದ್ರೆ ಟಕ್ ಟಕ್ ಸದ್ದು ಬರುತ್ತೆ. ಬರದಿದ್ರೆ ಕಟ್ಟಿರೋ ಸಾಧ್ಯತೆ ಇದೆ, ಕಮ್ಮಿ ದುಡ್ಡಿನ ಪಾರ್ಟು, ಬದಲಿಸಿಬಿಡಿ. ಸ್ಟಾಪ್-ಲೀಕ್ ಗಟ್ಟಿಯಾದ ರಬ್ಬರ್ ಸೀಲನ್ನ ಊದಿಸಿ ಸ್ವಲ್ಪ ದಿನ ಸೋರಿಕೆ ನಿಲ್ಲಿಸಬಹುದು. ಸವೆದ ರಿಂಗಿಗೆ ಅದು ಏನೂ ಮಾಡಲ್ಲ.

ಪ್ರಶ್ನೆ (ದಾವಣಗೆರೆಯಿಂದ): ಬೈಕಿಗೆ ಹಾಕ್ಬಹುದಾ ಸರ್?

ಉತ್ತರ: ಕಾರಿಗಿಂತ ಕೆಟ್ಟದ್ದು. ಹೆಚ್ಚಿನ ಗೇರ್ ಬೈಕ್‌ಗಳಲ್ಲಿ ಕ್ಲಚ್ ಪ್ಲೇಟ್ ಅದೇ ಆಯಿಲ್‌ನಲ್ಲಿ ಮುಳುಗಿರುತ್ತೆ. ಘರ್ಷಣೆ ಇಳಿಸೋ ಪದಾರ್ಥ ಹಾಕಿದ್ರೆ ಕ್ಲಚ್ಚೇ ಜಾರುತ್ತೆ. ಡಬ್ಬದ ಮೇಲೆ ಇಂಥ ಕ್ಲಚ್‌ಗೆ ಹೊಂದೋ ಆಯಿಲ್‌ನ ಗುರುತಾದ ಜಾಸೋ ಎಂಎ ಅಥವಾ ಎಂಎ2 ಅಂತ ಇದೆಯಾ ನೋಡಿ ತಗೊಳ್ಳಿ, ಇನ್ನೇನೂ ಸೇರಿಸಬೇಡಿ.

ಪ್ರಶ್ನೆ (ಹಾಸನದಿಂದ, ಮತ್ತೆ): ಥ್ಯಾಂಕ್ಸ್ ಸರ್. ಬೇಡ ಅಂದ್ರೆ ವಾರಂಟಿಗೆ ತೊಂದರೆ ಮಾಡ್ತಾರಾ?

ಉತ್ತರ: ಮಾಡೋಕಾಗಲ್ಲ. ಮ್ಯಾನ್ಯುಯಲ್‌ನಲ್ಲಿರೋ ಸರ್ವಿಸ್ ಪಟ್ಟಿ ತೆಗೆದು ತೋರಿಸಿ, ಇದು ಎಲ್ಲಿದೆ ಅಂತ ಕೇಳಿ. ಆಯಿಲ್‌ಗೆ ಬೇರೇನೂ ಸೇರಿಸಬೇಡಿ ಅಂತ ಅನೇಕ ಕಂಪನಿಗಳೇ ಮ್ಯಾನ್ಯುಯಲ್‌ನಲ್ಲಿ ಬರೆದಿರ್ತಾವೆ. ಜಾಬ್ ಕಾರ್ಡ್‌ಗೆ ಸಹಿ ಹಾಕೋ ಮುಂಚೆಯೇ ಫ್ಲಶ್, ಟ್ರೀಟ್‌ಮೆಂಟ್ ಸಾಲು ಹೊಡೆದುಹಾಕಿಸಿ. ಗಾಡಿ ತೊಳೆದು ಬಿಲ್ ಕೈಗೆ ಬಂದ ಮೇಲೆ ವಾದ ಮಾಡೋದು ಕಷ್ಟ.