ಡರ್ಬಿಶೈರ್‌ನ ಈಮ್ ಹಳ್ಳಿ: ಅರ್ಧ ದಿನದಲ್ಲಿ ಏನೇನು ನೋಡಬಹುದು?

ತುಂಗಾತೀರ:
ಆಗಸ್ಟ್ ಕೊನೆಯ ವಾರ ಅಪ್ಪ ಅಮ್ಮನನ್ನು ಶೆಫೀಲ್ಡಿನಿಂದ ಈಮ್‌ಗೆ ಕರ್ಕೊಂಡು ಹೋಗಬೇಕು ಅಂತಿದೆ. ಪ್ಲೇಗ್ ಬಂದಾಗ ಊರಿನವರು ಹೊರಗೆ ಕಾಲಿಡದೆ ಉಳಿದುಬಿಟ್ಟರು ಅನ್ನೋದಷ್ಟೇ ಗೊತ್ತು. ಅಮ್ಮನಿಗೆ ಮಂಡಿನೋವು, ಏರು ಹತ್ತೋದು ಕಷ್ಟ. ಯಾವುದು ನೋಡಲೇಬೇಕು, ಯಾವುದು ಬಿಡಬಹುದು? ಆ ದಿಗ್ಬಂಧನ ನಿಜಕ್ಕೂ ಹೇಗೆ ನಡೀತಿತ್ತು, ಊಟ, ದುಡ್ಡು, ಹೆಣ ಹೂಳೋದು ಇದೆಲ್ಲ?

ಕಲ್ಲುಹೂವು:
ಮೊದಲು ಮ್ಯೂಸಿಯಂಗೆ ಹೋಗಿ. ಹಳೆಯ ಮೆಥಡಿಸ್ಟ್ ಪ್ರಾರ್ಥನಾಮಂದಿರ ಅದು, ಗಾಳಿಯ ದಿಕ್ಕು ತೋರಿಸೋ ಸೂಚಕದ ಮೇಲೆ ಇಲಿ ಕೂತಿರುತ್ತೆ. ಎದುರಿಗೇ ಕಾರ್ ಪಾರ್ಕ್. ಯಾರು ಯಾವ ಮನೆಯವರು ಅನ್ನೋದು ಅಲ್ಲಿ ತಲೆಗೆ ಹತ್ತಿದರೆ, ಆಮೇಲೆ ಬೀದಿಯ ಹಸಿರು ಫಲಕಗಳಲ್ಲಿರೋ ಹೆಸರುಗಳು ಬರೀ ಪಟ್ಟಿ ಅನ್ನಿಸಲ್ಲ. ಚಳಿಗಾಲದಲ್ಲಿ ಮುಚ್ಚಿರುತ್ತೆ, ಆಗಸ್ಟ್‌ನಲ್ಲಿ ತೊಂದರೆಯಿಲ್ಲ.

ಅಲ್ಲಿಂದ ಸಂತ ಲಾರೆನ್ಸ್ ಚರ್ಚ್. ಅಂಗಳದಲ್ಲಿ 8ನೇ ಶತಮಾನದ ಸ್ಯಾಕ್ಸನ್ ಶಿಲುಬೆ ಇದೆ. ಕಂಬದ ಮೇಲ್ಭಾಗದ ಒಂದು ತುಂಡು ಕಳೆದುಹೋಗಿದೆ, ತಲೆಯನ್ನ ಉಳಿದ ಕಂಬದ ಮೇಲೇ ಕೂರಿಸಿದ್ದಾರೆ. ಅಳತೆ ಸರಿಯಿಲ್ಲ ಅನ್ನಿಸೋದು ಅದಕ್ಕೇ. ಪಾದ್ರಿ ವಿಲಿಯಂ ಮೊಂಪೆಸನ್ ಅವರ ಹೆಂಡತಿ ಕ್ಯಾಥರೀನ್ ಸಮಾಧಿ ಹತ್ತಿರದಲ್ಲೇ ಇದೆ, 1666ರ ಆಗಸ್ಟ್‌ನಲ್ಲಿ ತೀರಿಕೊಂಡವರು. ಚರ್ಚಿನ ಪಕ್ಕದ ಸಾಲುಮನೆಗಳೇ ಪ್ಲೇಗ್ ಕಾಟೇಜ್‌ಗಳು. ಈಗಲೂ ಅಲ್ಲಿ ಜನ ವಾಸ ಇದ್ದಾರೆ, ಕಿಟಕಿಯೊಳಗೆ ಇಣುಕೋದು, ತೋಟದೊಳಗೆ ಕಾಲಿಡೋದು ಬೇಡ.

ಇಲ್ಲಿವರೆಗೂ ಅಮ್ಮನವರಿಗೆ ಕಷ್ಟ ಆಗಲ್ಲ. ಮೊಂಪೆಸನ್ ಬಾವಿ ಗುಡ್ಡದ ಮೇಲೆ, ನಡೆದರೆ ಕಡಿದಾದ ಏರು, ಆದರೆ ರಸ್ತೆ ಪಕ್ಕದಲ್ಲೇ ಇರೋದರಿಂದ ಕಾರಿನಲ್ಲಿ ಹೋಗಿ. ಪ್ಲೇಗ್‌ನಲ್ಲಿ ಸತ್ತ ಒಂದೇ ಮನೆಯವರ ರೈಲಿ ಸಮಾಧಿಗಳಿಗೆ ಊರಿನ ಪೂರ್ವಕ್ಕೆ ಏರುದಾರಿ. ಈಮ್ ಹಾಲ್ ಅನ್ನೋ ಹಳೆಯ ಬಂಗಲೆ ಹೊರಗಿನಿಂದ ನೋಡಿದರೆ ಸಾಕು.

ನಾನಾದರೆ ಬಿಡದೇ ಇರೋದು ಗಡಿಕಲ್ಲು. ಪಕ್ಕದ ಹಳ್ಳಿ ಸ್ಟೋನಿ ಮಿಡಲ್ಟನ್ ಕಡೆಯಿಂದ ಬಂದರೆ ಕಣಿವೆ ಹತ್ತಬೇಕು, ಹಾಗಾಗಿ ಈಮ್ ಕಡೆಯಿಂದಲೇ ಹೋಗಿ. ಹೊಲದ ಕಾಲುದಾರಿ, ಸುಮಾರು ಒಂದು ಕಿ.ಮೀ. ನಡುವೆ ಕಲ್ಲುಗೋಡೆ ದಾಟೋ ಮೆಟ್ಟಿಲುಗಳಿವೆ, ಮಳೆ ಬಿದ್ದರೆ ಜಾರುತ್ತೆ. ಅಪ್ಪ ನೀವು ಹೋಗಿ ಬನ್ನಿ, ಅಮ್ಮ ಚರ್ಚ್ ಹತ್ತಿರ ಕೂತಿರಲಿ.

ಹಳೇದಫ್ತರ:
ದಿಗ್ಬಂಧನದ ಬಗ್ಗೆ ನಾನು ಹೇಳ್ತೀನಿ. 1665ರಲ್ಲಿ ದರ್ಜಿ ಅಲೆಕ್ಸಾಂಡರ್ ಹ್ಯಾಡ್‌ಫೀಲ್ಡ್ ಮನೆಗೆ ಲಂಡನ್ನಿನಿಂದ ಬಟ್ಟೆಯ ಗಂಟು ಬಂತು. ಒದ್ದೆಯಾಗಿತ್ತಂತೆ, ಸಹಾಯಕ ಜಾರ್ಜ್ ವಿಕರ್ಸ್ ಬೆಂಕಿ ಮುಂದೆ ಹರಡಿ ಒಣಗಿಸಿದ. ಅದರಲ್ಲಿ ಚಿಗಟ ಇತ್ತು ಅನ್ನೋದು ರೂಢಿಯ ವಿವರಣೆ. ಸೆಪ್ಟೆಂಬರ್ 7ಕ್ಕೆ ಅವನ ಶವಸಂಸ್ಕಾರ ಆಯ್ತು. ಚಳಿಗಾಲದಲ್ಲಿ ರೋಗ ಇಳಿಯಿತು, 1666ರ ಬೇಸಿಗೆಯಲ್ಲಿ ಮತ್ತೆ ಏರಿತು. ಅನುಕೂಲಸ್ಥರು ಕೆಲವರು ಮೊದಲೇ ಊರು ಬಿಟ್ಟಿದ್ದರು. ಮೊಂಪೆಸನ್ ಕೂಡ ತಮ್ಮ ಮಕ್ಕಳನ್ನ ಹೊರಗೆ ಕಳಿಸಿದ್ದರು. ಅವರ ಮುಂದಾಳತ್ವದಲ್ಲಿ ದಿಗ್ಬಂಧನ ಶುರುವಾದದ್ದು ಜೂನ್‌ನಲ್ಲಿ.

ಮೂರು ನಿಯಮ ಇದ್ದವು. ಯಾರೂ ಊರಿನ ಗಡಿ ದಾಟುವಂತಿಲ್ಲ. ಪ್ರಾರ್ಥನೆ ಚರ್ಚಿನೊಳಗಲ್ಲ, ಕಕ್ಲೆಟ್ ಡೆಲ್ಫ್ ಅನ್ನೋ ತಗ್ಗಿನಲ್ಲಿ, ಮನೆಮನೆಯವರು ದೂರ ದೂರ ನಿಂತು. ಸತ್ತವರನ್ನ ಮನೆಯವರೇ ತಮ್ಮ ತೋಟದಲ್ಲೋ ಹೊಲದಲ್ಲೋ ಹೂಳಬೇಕು. ಹತ್ತಿರದ ಚಾಟ್ಸ್‌ವರ್ತ್ ಬಂಗಲೆಯಿಂದ ಅಲ್ಲಿನ ಪ್ರಭು ಡೆವನ್‌ಶೈರ್ ಅರ್ಲ್ ಆಹಾರ ಕಳಿಸುತ್ತಿದ್ದರು, ಹೊರಗಿನವರು ಅದನ್ನ ಗಡಿಯಲ್ಲಿಟ್ಟು ಹೋಗುತ್ತಿದ್ದರು. ಕೊಂಡ ಸಾಮಾನಿನ ದುಡ್ಡನ್ನ ಗಡಿಕಲ್ಲಿನ ಕುಳಿಗಳಲ್ಲಿ ವಿನೆಗರ್ ತುಂಬಿ, ರೋಗ ಅಂಟದಿರಲಿ ಅಂತ ಅದರೊಳಗೆ ಹಾಕುತ್ತಿದ್ದರು, ಮೊಂಪೆಸನ್ ಬಾವಿಯಲ್ಲಾದರೆ ಹರಿಯೋ ನೀರಿನಲ್ಲಿ. ಕಲ್ಲಿನ ಮೇಲೆ ಆರು ಕುಳಿಗಳಿವೆ. ಬೆರಳಿಟ್ಟು ನೋಡಿ, ಅಂಚು ಸವೆದು ನುಣುಪಾಗಿದೆ.

ರೈಲಿಯಲ್ಲಿ ಎಲಿಜಬೆತ್ ಹ್ಯಾನ್‌ಕಾಕ್ ಆಗಸ್ಟ್‌ನ ಎಂಟೇ ದಿನದಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ಒಬ್ಬಳೇ ಹೂತಳು. ಈಗ ಅಲ್ಲಿ ದುಂಡನೆಯ ಗೋಡೆಯೊಳಗೆ ಕಾಣುವ ಕಲ್ಲುಗಳನ್ನ ಆಮೇಲೆ ಒಟ್ಟುಗೂಡಿಸಿ ನಿಲ್ಲಿಸಿದ್ದು. ಹೂತ ಜಾಗ ಸರಿಯಾಗಿ ಅದೇ ಅಂದುಕೊಳ್ಳಬೇಡಿ.

350 ಜನರಲ್ಲಿ 260 ಮಂದಿ ಸತ್ತರು ಅಂತ ಎಷ್ಟೋ ಕಡೆ ಓದ್ತೀರಿ. ಸತ್ತವರ ಲೆಕ್ಕ ಹೆಚ್ಚುಕಡಿಮೆ ಸರಿ, ಆದರೆ ಊರಿನ ಜನಸಂಖ್ಯೆ ಆ 350ರ ಇಮ್ಮಡಿಯಷ್ಟಿತ್ತು ಅನ್ನೋದು ಈಗಿನ ಅಂದಾಜು. 2016ರ ಒಂದು ಅಧ್ಯಯನದ ಪ್ರಕಾರ ನಾಲ್ಕರಲ್ಲಿ ಮೂರು ಪಾಲು ಸೋಂಕು ಇಲಿಯಿಂದಲ್ಲ, ಮನುಷ್ಯರಿಂದ ಮನುಷ್ಯರಿಗೆ ಹಬ್ಬಿದ್ದು. ಒಂದೇ ಮನೆಯಲ್ಲಿ ಸಾಲುಸಾಲಾಗಿ ಸಾವು ಬಿದ್ದದ್ದು ಇದಕ್ಕೆ ಹೊಂದುತ್ತೆ.

ಇನ್ನೊಂದು ಮಾತು: ಎಲ್ಲ ಕೀರ್ತಿಯನ್ನೂ ಮೊಂಪೆಸನ್‌ಗೇ ಕೊಡೋದು ನನಗೆ ಒಪ್ಪಿಗೆಯಿಲ್ಲ. ಜನಕ್ಕೆ ನಂಬಿಕೆ ಇದ್ದದ್ದು ಹಿಂದಿನ ಪಾದ್ರಿ ಥಾಮಸ್ ಸ್ಟ್ಯಾನ್ಲಿ ಮೇಲೆ. ರಾಜನ ಹೊಸ ಪ್ರಾರ್ಥನಾವಿಧಿ ಒಪ್ಪದೆ ಹುದ್ದೆ ಕಳೆದುಕೊಂಡಿದ್ದ ಅವರು ಜೊತೆಗೆ ನಿಲ್ಲದಿದ್ದರೆ ಊರು ಈ ಮಾತು ಕೇಳುತ್ತಲೇ ಇರಲಿಲ್ಲ.

ತುಂಗಾತೀರ:
ಇಬ್ಬರಿಗೂ ಧನ್ಯವಾದ. ಭಾನುವಾರವೇ ಹೋದರೆ ಒಳ್ಳೇದಾ?

ಕಲ್ಲುಹೂವು:
ಆಗಸ್ಟ್‌ನ ಕೊನೆಯ ಭಾನುವಾರ ಪ್ಲೇಗ್ ಸಂಡೇ. ಖಾಸಗಿ ಜಮೀನಾದ ಕಕ್ಲೆಟ್ ಡೆಲ್ಫ್‌ನಲ್ಲಿ ಸ್ಮರಣೆಯ ಪ್ರಾರ್ಥನೆ ನಡೆಯುತ್ತೆ. ಅದನ್ನ ನೋಡಬೇಕಿದ್ದರೆ ಅವತ್ತೇ ಹೋಗಿ. ಜನ ಜಾಸ್ತಿ, ಬೆಳಿಗ್ಗೆ ಬೇಗ ಹೋಗದಿದ್ದರೆ ಕಾರು ನಿಲ್ಲಿಸೋಕೆ ಜಾಗ ಸಿಗಲ್ಲ. ಬಸ್ಸಿನಲ್ಲಾದರೆ ಭಾನುವಾರದ ವೇಳಾಪಟ್ಟಿ ಬೇರೆ ಇರುತ್ತೆ, ವಾಪಸ್ ಬರೋ ಕೊನೆಯ ಬಸ್ಸು ಎಷ್ಟಕ್ಕೆ ಅಂತ ಮೊದಲೇ ನೋಡಿಟ್ಟುಕೊಳ್ಳಿ.

ಅದೇ ಹೊತ್ತಿಗೆ ಬಾವಿಗಳ ಅಲಂಕಾರವೂ ಇರುತ್ತೆ, ಅಂದರೆ ಹೂವಿನಿಂದ ಮಾಡಿದ ಚಿತ್ರದ ಹಲಗೆಗಳನ್ನ ಬಾವಿಗಳ ಹತ್ತಿರ ಇಡೋದು. ಇದನ್ನ ಅಮ್ಮನವರಿಗೆ ಖಂಡಿತ ತೋರಿಸಿ. ಮರದ ಹಲಗೆಗಳನ್ನ ನೀರಲ್ಲಿ ನೆನೆಸಿಟ್ಟು, ಉಪ್ಪು ಬೆರೆಸಿದ ಜೇಡಿಮಣ್ಣನ್ನ ದಪ್ಪಗೆ ಮೆತ್ತುತ್ತಾರೆ. ಉಪ್ಪು ತೇವ ಹಿಡಿದಿಡುತ್ತೆ. ಒಣ ಹಲಗೆ ಮಣ್ಣಿನ ನೀರು ಹೀರಿದರೆ ಎರಡೇ ದಿನದಲ್ಲಿ ಬಿರುಕು. ಚಿತ್ರದ ಗೆರೆಗಳನ್ನ ಬೀಜ, ಸಣ್ಣ ಮರಗಾಯಿಗಳಿಂದ ಕೂರಿಸಿ, ಹೂವಿನ ಎಸಳುಗಳನ್ನ ಕೆಳಗಿನಿಂದ ಮೇಲಕ್ಕೆ, ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಅಂಟಿಸುತ್ತಾರೆ, ಮಳೆ ಬಂದರೂ ನೀರು ಜಾರಿಹೋಗಲಿ ಅಂತ. ವಾರ ಕಳೆದರೆ ಬಣ್ಣ ಮಾಸುತ್ತೆ, ಹಾಗಾಗಿ ಇಟ್ಟ ಮೊದಲೆರಡು ದಿನದಲ್ಲೇ ನೋಡಿ.

ಹಳೇದಫ್ತರ:
ಚರ್ಚಿನ ದಕ್ಷಿಣ ಗೋಡೆಯಲ್ಲಿ 1775ರ ಸೂರ್ಯಗಡಿಯಾರ ಇದೆ, ತಲೆಯೆತ್ತಿ ನೋಡಿ. ನಿಮ್ಮ ವಾಚಿಗಿಂತ ಒಂದು ಗಂಟೆಗೂ ಹೆಚ್ಚು ಹಿಂದಿರುತ್ತೆ, ಕೆಟ್ಟಿಲ್ಲ. ಒಂದು ಗಂಟೆ ಬೇಸಿಗೆ ಸಮಯದ್ದು. ಈಮ್ ಗ್ರೀನಿಚ್‌ಗಿಂತ ಒಂದೂಮುಕ್ಕಾಲು ಡಿಗ್ರಿಯಷ್ಟು ಪಶ್ಚಿಮಕ್ಕಿದೆ, ಡಿಗ್ರಿಗೆ ನಾಲ್ಕು ನಿಮಿಷದಂತೆ ಅದರದ್ದೇ ಏಳು ನಿಮಿಷ ಆಯ್ತು. ಆಗಸ್ಟ್ ಕೊನೆಗೆ ಇನ್ನೊಂದೆರಡು ನಿಮಿಷ ಸೇರಿಸಿಕೊಳ್ಳಿ, ತಾಳೆಯಾಗುತ್ತೆ. ಮೋಡ ಇಲ್ಲದ ಮಧ್ಯಾಹ್ನ ಹೋಗಬೇಕು ಅಷ್ಟೇ.