ಸಹಾಯ ಬೇಕು: 60,000 ಜನ ಇದ್ದರೆ ರಾಜ್ಯ ಅನ್ನುವ ನಿಯಮ ಎಲ್ಲರಿಗೂ ಇತ್ತಾ?

ಎಲ್ಲರಿಗೂ ನಮಸ್ಕಾರ. ನಾವಿರುವುದು ಅಮೆರಿಕದ ಓಹಾಯೋದಲ್ಲಿ. ಮಗಳು ಎಂಟನೇ ಕ್ಲಾಸು. ಗಡಿ ಪ್ರದೇಶದ ಟೆರಿಟರಿಗಳು (ಇನ್ನೂ ರಾಜ್ಯವಾಗದೆ ಕೇಂದ್ರ ಸರ್ಕಾರದ ಕೈಯಲ್ಲಿದ್ದ ಪ್ರದೇಶಗಳು) ರಾಜ್ಯಗಳಾದದ್ದು ಹೇಗೆ ಅಂತ ಸೋಮವಾರ ಕ್ಲಾಸಿನಲ್ಲಿ ಮಾತಾಡಬೇಕು. ಅವಳ ಒಂದು ಪ್ರಶ್ನೆಗೆ ಮೂರು ದಿನದಿಂದ ನನ್ನಲ್ಲಿ ಉತ್ತರ ಇಲ್ಲ.

1787ರ ನಾರ್ತ್‌ವೆಸ್ಟ್ ಆರ್ಡಿನೆನ್ಸ್ (ಓಹಾಯೋ ಸೇರಿದ್ದ ನಾರ್ತ್‌ವೆಸ್ಟ್ ಟೆರಿಟರಿಯ ಆಡಳಿತಕ್ಕೆ ಮಾಡಿದ ಕಾನೂನು) ಇಬ್ಬರೂ ಕೂತು ಓದಿದೆವು. ಮೊದಲು ಕಾಂಗ್ರೆಸ್ (ಅಮೆರಿಕದ ಸಂಸತ್ತು) ನೇಮಿಸಿದ ಗವರ್ನರ್, ಒಬ್ಬ ಕಾರ್ಯದರ್ಶಿ, ಮೂವರು ನ್ಯಾಯಾಧೀಶರು. ವಯಸ್ಕ ಸ್ವತಂತ್ರ ಗಂಡಸರು 5,000 ಆದಾಗ ಚುನಾಯಿತ ಸಭೆ. ಸ್ವತಂತ್ರ ನಿವಾಸಿಗಳು 60,000 ಆದಾಗ ಹಳೆಯ ರಾಜ್ಯಗಳಿಗೆ ಸಮನಾದ ರಾಜ್ಯ. ಆ ನೆಲದಲ್ಲೇ ಬಾಳುತ್ತಿದ್ದ ಶಾನಿ, ಮಯಾಮಿ ಮೂಲನಿವಾಸಿ ಜನ ಮಾತ್ರ ಈ ಲೆಕ್ಕದಲ್ಲಿ ಇರಲಿಲ್ಲ. ಓದುವಾಗ ತುಂಬಾ ಬೇಜಾರಾಯಿತು.

1800ರ ಗಣತಿಯಲ್ಲಿ ಓಹಾಯೋದಲ್ಲಿ ಸುಮಾರು 45,000 ಜನ. ಆದರೂ 1803ರಲ್ಲಿ ರಾಜ್ಯ ಆಯಿತು. ಕಡಿಮೆ ಜನ ಇದ್ದರೂ ಸೇರಿಸಬಹುದು ಅನ್ನುವ ಸಾಲು ಆರ್ಡಿನೆನ್ಸ್‌ನಲ್ಲೇ ಇದೆ. ಅದು ಅರ್ಥವಾಯಿತು.

ಸಿಕ್ಕಿಬಿದ್ದಿರುವುದು ಇಲ್ಲಿ. ನೆವಾಡಾ 1864ರಲ್ಲೇ ರಾಜ್ಯ ಆಯಿತು. 1870ರ ಗಣತಿಯಲ್ಲೂ ಅಲ್ಲಿ 43,000 ಜನ ಇರಲಿಲ್ಲ. ನ್ಯೂ ಮೆಕ್ಸಿಕೋದಲ್ಲಿ 1850ರಲ್ಲೇ 61,000ಕ್ಕಿಂತ ಜಾಸ್ತಿ ಜನ ಇದ್ದರು. ಅವರು 1912ರವರೆಗೆ ಕಾಯಬೇಕಾಯಿತು! ಸಂವಿಧಾನದ 4ನೇ ವಿಧಿ ನೋಡಿದೆ, ಅಲ್ಲಿ ಸಂಖ್ಯೆಯೇ ಇಲ್ಲ. ಲೈಬ್ರರಿಯ ಎರಡು ಪುಸ್ತಕಗಳಲ್ಲಿ ಇಸವಿಗಳಿವೆ, ಕಾನೂನಿನ ವಿವರಣೆ ಇಲ್ಲ.

ನಾರ್ತ್‌ವೆಸ್ಟ್‌ನ ಆಚೆಗಿನ ಟೆರಿಟರಿಗಳಿಗೆ ಈ 60,000 ಕಾನೂನಾಗಿ ಅನ್ವಯಿಸುತ್ತಿತ್ತಾ, ಇಲ್ಲ ಪ್ರತಿ ಸಲ ಕಾಂಗ್ರೆಸ್ ತನಗೆ ಸರಿ ಕಂಡಂತೆ ತೀರ್ಮಾನಿಸುತ್ತಿತ್ತಾ? ತಿಳಿದವರು ದಯವಿಟ್ಟು ಹೇಳಿ.